ಹಳೆಯ ಯೆಜ್ಡಿಗೆ ಹೊಸ ಗ್ರಿಪ್: ಮೆತ್ತಗಿದ್ದರೆ ಸಾಲದು, ಕೈಗೆ ಒಪ್ಪಬೇಕು

ಪ್ರಶ್ನೆ: ನಮ್ಮ ತಂದೆಯವರು 1982ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್ ಬೈಕ್ ಈಗ ನನ್ನ ಬಳಿ ಇದೆ. ತಿಂಗಳಿಗೊಮ್ಮೆ ಹಾಸನದಿಂದ ಹೊಳೆನರಸೀಪುರದ ಮಾರ್ಗವಾಗಿ ಮೈಸೂರಿಗೆ ಅದರಲ್ಲೇ ಹೋಗಿಬರುತ್ತೇನೆ. ಹಳೆಯ ಗ್ರಿಪ್‌ಗಳು ಗಟ್ಟಿಯಾಗಿ ಸೀಳುಬಿಟ್ಟಿದ್ದರಿಂದ ಬಿಚ್ಚಿಟ್ಟು ಮೊದಲು ಸ್ಪಂಜಿನ ಗ್ರಿಪ್ ಹಾಕಿಸಿದೆ. ಮೂರು ತಿಂಗಳಲ್ಲಿ ಅದು ಹಿಂಡಿಹೋಯಿತು. ಆಮೇಲೆ ಹಾಕಿಸಿದ ಜೆಲ್ ಗ್ರಿಪ್ ಮಳೆ ಬಂದರೆ ಹ್ಯಾಂಡಲ್ ಮೇಲೆ ತಿರುಗುತ್ತದೆ. ಎರಡರಲ್ಲೂ ಕೆ.ಆರ್. ನಗರ ತಲುಪುವ ಹೊತ್ತಿಗೆ ಬಲಗೈಯ ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು ಹಿಡಿಯುತ್ತವೆ. ನನಗೆ 54 ವರ್ಷ. ಗಾಡಿಯ ಹಳೆಯ ರೂಪ ಕೆಡದಂತೆ ಯಾವ ಗ್ರಿಪ್ ಹಾಕಿಸಿಕೊಳ್ಳಲಿ? ತಂದೆಯವರ ಕಾಲದ ಗ್ರಿಪ್‌ಗಳನ್ನೇ ಮತ್ತೆ ಸರಿಪಡಿಸಲು ಸಾಧ್ಯವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಮನಸ್ಸಿಗೆ ಹತ್ತಿರವಾದದ್ದು ಅದೇ ಎಂದು ತೋರುತ್ತದೆ. ಗಟ್ಟಿಯಾದ ರಬ್ಬರನ್ನು ಮತ್ತೆ ಮೃದುವಾಗಿಸಲು ಸಾಧ್ಯವಿಲ್ಲ. ಗಾಳಿಯಲ್ಲಿರುವ ಓಜೋನ್, ಬಿಸಿಲು ಮತ್ತು ಶಾಖ ಸೇರಿ ರಬ್ಬರಿನ ಒಳಗಿನ ಎಳೆಗಳನ್ನು ವರ್ಷಾನುಗಟ್ಟಲೆ ಕಡಿದು, ಮತ್ತೆ ತಪ್ಪಾದ ಕಡೆ ಬೆಸೆಯುತ್ತ ಬಂದಿರುತ್ತವೆ. ಆ ಬದಲಾವಣೆ ಹಿಂದಕ್ಕೆ ಹೋಗುವುದಿಲ್ಲ. ಗ್ಲಿಸರಿನ್, ಸಿಲಿಕೋನ್ ಎಣ್ಣೆ, ಪಾಲಿಶ್ ಮುಂತಾದವುಗಳನ್ನು ಹಚ್ಚಿದರೆ ಮೇಲ್ಮೈ ನಾಲ್ಕು ದಿನ ಕಪ್ಪಗೆ ಹೊಳೆಯುತ್ತದೆ, ಜೊತೆಗೆ ಜಾರುತ್ತದೆ. ಕೈಯಲ್ಲಿ ಹಿಡಿಯುವ ವಸ್ತುವಿಗೆ ಇದು ಅಪಾಯ. ಆ ಗ್ರಿಪ್‌ಗಳನ್ನು ಬಟ್ಟೆಯಲ್ಲಿ ಸುತ್ತಿ, ಬಿಸಿಲು ಬೀಳದ ಕಡೆ ಜೋಪಾನವಾಗಿಡಿ. ಒಂದು ಸಲ ಮಾತ್ರ ಅವನ್ನು ಬೆಳಕಿಗೆ ಹಿಡಿದು ಸೂಕ್ಷ್ಮವಾಗಿ ನೋಡಿ. ತಂದೆಯವರ ಹೆಬ್ಬೆರಳು ಒತ್ತುತ್ತಿದ್ದ ಜಾಗದಲ್ಲಿ ಗೀರುಗಳು ಸವೆದು ನುಣುಪಾಗಿರುತ್ತವೆ, ಅಂಗೈಯ ಭಾರ ಬೀಳುತ್ತಿದ್ದ ಕಡೆ ರಬ್ಬರು ತುಸು ತಗ್ಗಿರುತ್ತದೆ. ನಿಮ್ಮ ಕೈ ಅದೇ ಜಾಗಗಳಲ್ಲಿ ಕೂರುತ್ತದೆಯೇ, ಇಲ್ಲವೇ ಎಂಬುದನ್ನು ಹಿಡಿದು ಗಮನಿಸಿ. ಹೊಸ ಗ್ರಿಪ್ ಆರಿಸುವಾಗ ಈ ಸವೆತದ ನಕ್ಷೆ ಬಹಳ ಉಪಯೋಗಕ್ಕೆ ಬರುತ್ತದೆ.

ಈಗ ಜೋಮಿನ ವಿಚಾರ. ಕಿರುಬೆರಳು ಮತ್ತು ಉಂಗುರದ ಬೆರಳು ಎಂದು ನೀವು ಸ್ಪಷ್ಟವಾಗಿ ಬರೆದಿರುವುದು ಒಳ್ಳೆಯದಾಯಿತು. ಕೈಗೆ ಸ್ಪರ್ಶಜ್ಞಾನ ಕೊಡುವ ನರಗಳಲ್ಲಿ ಮೀಡಿಯನ್ ನರ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಕಡೆಗೂ, ಅಲ್ನಾರ್ ನರ ಕಿರುಬೆರಳು ಮತ್ತು ಉಂಗುರದ ಬೆರಳಿನಲ್ಲಿ ಕಿರುಬೆರಳಿಗೆ ತಾಗಿದ ಅರ್ಧದ ಕಡೆಗೂ ಹೋಗುತ್ತವೆ. ಈ ಅಲ್ನಾರ್ ನರ ಮಣಿಕಟ್ಟು ದಾಟಿದ ಕೂಡಲೇ, ಕಿರುಬೆರಳಿನ ಬುಡದ ದಪ್ಪ ಮಾಂಸಖಂಡದ ಪಕ್ಕದಲ್ಲಿ, ಚರ್ಮದಿಂದ ಹೆಚ್ಚು ಆಳವಿಲ್ಲದ ಜಾಗದಲ್ಲಿ ಹಾದುಹೋಗುತ್ತದೆ. ಅಂಗೈಯ ಆ ಹಿಂಬದಿಯ ಮೂಲೆಯ ಮೇಲೆ ಮೈಭಾರ ಹಾಕಿ ಗಂಟೆಗಟ್ಟಲೆ ಕುಳಿತರೆ ನರ ಅದುಮಿಕೊಳ್ಳುತ್ತದೆ; ಕಂಪನವೂ ಸೇರಿದರೆ ಬೇಗ ಜೋಮು ಹಿಡಿಯುತ್ತದೆ. ಹಾಗಾಗಿ ನಿಮ್ಮ ತೊಂದರೆಗೆ ಗ್ರಿಪ್ಪಿನ ಗಡಸುತನವೊಂದೇ ಕಾರಣವಲ್ಲ, ಕೈಯ ಭಾರ ಎಲ್ಲಿ ಬೀಳುತ್ತಿದೆ ಎಂಬುದೂ ಕಾರಣ. ಬಲಗೈಯಲ್ಲೇ ಹೆಚ್ಚಾಗುವುದು ಸಹಜ, ಏಕೆಂದರೆ ಆಕ್ಸಿಲರೇಟರ್ ಹಿಡಿದ ಕೈ ಬಿಡುವಿಲ್ಲದೆ ಬಿಗಿಯಾಗಿರುತ್ತದೆ. ಗಾಡಿಯಿಂದ ಇಳಿದು ಅರ್ಧ ಗಂಟೆಯಾದರೂ ಜೋಮು ಬಿಡದಿದ್ದರೆ, ರಾತ್ರಿ ಮಲಗಿದಾಗಲೂ ಬರುತ್ತಿದ್ದರೆ ಅಥವಾ ನಿಮಗೆ ಸಕ್ಕರೆ ಕಾಯಿಲೆ ಇದ್ದರೆ, ಗ್ರಿಪ್ಪಿಗಿಂತ ಮೊದಲು ವೈದ್ಯರಿಗೆ ಕೈ ತೋರಿಸಿ; ಈ ಮಾತನ್ನು ದಯವಿಟ್ಟು ಮುಂದಕ್ಕೆ ಹಾಕಬೇಡಿ.

ನೀವು ಎರಡು ಬಾರಿಯೂ ಮೆತ್ತಗಿನದನ್ನೇ ಆರಿಸಿದ್ದೀರಿ. ಬಹುಪಾಲು ಜನ ಮಾಡುವುದೂ ಹಾಗೆಯೇ. ಅಂಗಡಿಯಲ್ಲಿ ನಿಂತು ಹಿಸುಕಿ ನೋಡಿದಾಗ ಸ್ಪಂಜು ಹಿತವೆನಿಸುತ್ತದೆ, ಆದರೆ ರಸ್ತೆಯಲ್ಲಿ ಆಗುವುದೇ ಬೇರೆ. ರೋಡ್‌ಕಿಂಗ್ ಒಂದೇ ಸಿಲಿಂಡರಿನ, 250 ಸಿ.ಸಿ. ವರ್ಗದ ಟೂ-ಸ್ಟ್ರೋಕ್ ಗಾಡಿ; ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿನ ತೂಕವನ್ನು ಕ್ರ್ಯಾಂಕಿನ ಎದುರುತೂಕ ಭಾಗಶಃ ಮಾತ್ರ ಸರಿದೂಗಿಸಬಲ್ಲದು, ಉಳಿದದ್ದು ಚಾಸಿಯ ಮೂಲಕ ಹ್ಯಾಂಡಲ್‌ಗೆ ಬರುತ್ತದೆ. ಇಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಹ್ಯಾಂಡಲ್ ಸೆಕೆಂಡಿಗೆ ಸುಮಾರು 67 ಬಾರಿ ಅದುರುತ್ತದೆ. ಕೆಲವೇ ಮಿಲಿಮೀಟರ್ ದಪ್ಪದ ಸ್ಪಂಜು ಈ ಅದುರನ್ನು ಹೀರಬೇಕಾದರೆ ಅದಕ್ಕೆ ಹಿಗ್ಗಿ ಕುಗ್ಗಲು ಜಾಗವಿರಬೇಕು. ನಿಮ್ಮ ಕೈ ಅದನ್ನು ಮೊದಲೇ ಒತ್ತಿ ತೆಳ್ಳಗೆ ಮಾಡಿಬಿಟ್ಟಿರುತ್ತದೆ. ಆಮೇಲೆ ನೀವು ಹಿಡಿದಿರುವುದು ಹೆಚ್ಚುಕಡಿಮೆ ಬರೀ ಕಬ್ಬಿಣದ ಪೈಪನ್ನೇ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಹಿಡಿ ಕೈಯೊಳಗೆ ನುಲಿಯುತ್ತಿದ್ದರೆ, ಅದು ಎಲ್ಲಿ ನಿಲ್ಲುತ್ತದೆಂಬ ಭರವಸೆಯಿಲ್ಲದೆ ನಾವು ಅರಿವಿಲ್ಲದೆಯೇ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತೇವೆ. ಬಿಗಿ ಹೆಚ್ಚಿದಷ್ಟೂ ಕಂಪನ ಮೂಳೆ, ಕೀಲುಗಳಿಗೆ ಸಲೀಸಾಗಿ ಹಾಯುತ್ತದೆ. ಬೆರಳುಗಳನ್ನು ಸಡಿಲವಾಗಿಟ್ಟರೂ ಜಾರದೆ ನಿಲ್ಲುವ ಹಿಡಿಯೇ ನಿಜವಾಗಿ ಹಿತವಾದ ಹಿಡಿ. ನಾನು ಇಷ್ಟು ವರ್ಷ ಹಳೆಯ ಗಾಡಿಗಳಿಗೆ ಗ್ರಿಪ್ ಆರಿಸಿಕೊಡುತ್ತ ಬಂದಿರುವುದು ಈ ಒಂದೇ ಅಳತೆಗೋಲಿನಿಂದ.

ಹಾಗೆಂದು ಕೂಡಲೇ ಅಂಗಡಿಗೆ ಹೊರಡಬೇಡಿ. ಗಾಡಿಯ ಕಡೆಯಿಂದ ಬರುವ ನಡುಕವನ್ನು ಮೊದಲು ಕಡಿಮೆ ಮಾಡಿಕೊಳ್ಳಬೇಕು. ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಬಿಸಿಯಾದ ಮೇಲೆ ನಿಧಾನವಾಗಿ ಆಕ್ಸಿಲರೇಟರ್ ಏರಿಸುತ್ತ, ಇನ್ನೊಂದು ಕೈಯನ್ನು ಸರದಿಯಂತೆ ಟ್ಯಾಂಕ್, ಹ್ಯಾಂಡಲ್ ಮತ್ತು ಹ್ಯಾಂಡಲನ್ನು ಹಿಡಿದಿಡುವ ಕ್ಲ್ಯಾಂಪಿನ ಮೇಲೆ ಇಟ್ಟು ನೋಡಿ. ಎಲ್ಲ ಕಡೆಯೂ ಒಂದೇ ಸಮ ಅದುರುತ್ತಿದ್ದರೆ ಇಂಜಿನ್ ಮೌಂಟಿಂಗ್ ಬೋಲ್ಟುಗಳನ್ನು ಪರೀಕ್ಷಿಸಬೇಕು. ನಾಲ್ಕು ದಶಕದ ಗಾಡಿಯಲ್ಲಿ ಬೋಲ್ಟಿನ ರಂಧ್ರವೇ ಉದ್ದಕ್ಕೆ ಸವೆದಿರುವುದುಂಟು, ಆಗ ಬಿಗಿಮಾಡಿದರೂ ನಿಲ್ಲುವುದಿಲ್ಲ. ಹ್ಯಾಂಡಲ್ ಮಾತ್ರ ವಿಪರೀತ ಅದುರುತ್ತಿದ್ದರೆ ಕ್ಲ್ಯಾಂಪ್ ಸಡಿಲವಾಗಿರಬಹುದು. ನಿಂತಾಗ ಸರಿಯಿದ್ದು ಓಡುವಾಗ ಮಾತ್ರ ನಡುಗಿದರೆ ಮುಂದಿನ ಟೈರು, ರಿಮ್ಮಿನ ಓಟ, ಕಡ್ಡಿಗಳ ಬಿಗಿ ನೋಡಬೇಕು. ಇವುಗಳನ್ನು ಸರಿಪಡಿಸದೆ ಎಂಥ ಗ್ರಿಪ್ ಹಾಕಿದರೂ ಹಣ ವ್ಯರ್ಥ.

ಕೈಯ ಕೋನವನ್ನೂ ಇದೇ ಹೊತ್ತಿನಲ್ಲಿ ಸರಿಮಾಡಿಕೊಳ್ಳಿ. ಎಂದಿನಂತೆ ಸೀಟಿನ ಮೇಲೆ ಕುಳಿತು, ಬ್ರೇಕ್ ಲಿವರ್ ಮೇಲೆ ಬೆರಳಿಟ್ಟು, ಮನೆಯವರೊಬ್ಬರಿಗೆ ಶಾಲೆಯ ಮಕ್ಕಳ ಮರದ ಸ್ಕೇಲನ್ನು ನಿಮ್ಮ ಮುಂಗೈಯಿಂದ ಹಸ್ತದ ಹಿಂಬದಿಯವರೆಗೆ ಒರಗಿಸಿ ಹಿಡಿಯಲು ಹೇಳಿ. ಸ್ಕೇಲು ನೇರವಾಗಿ ಕೂತರೆ ಸರಿ. ಮಣಿಕಟ್ಟಿನಲ್ಲಿ ಹಳ್ಳ ಬಿದ್ದು ಬೆರಳುಗಳು ಮೇಲಕ್ಕೆ ಎದ್ದಿದ್ದರೆ ಲಿವರ್ ಹೆಚ್ಚು ಎತ್ತರದಲ್ಲಿದೆ ಎಂದರ್ಥ. ಆಗ ಅಂಗೈಯ ಹಿಂಬದಿಯ ಮೂಲೆಯ ಮೇಲೆಯೇ, ಅಂದರೆ ನಾನು ಮೇಲೆ ಹೇಳಿದ ನರದ ಮೇಲೆಯೇ, ಭಾರವೆಲ್ಲ ಬೀಳುತ್ತದೆ. ಲಿವರಿನ ಸ್ಕ್ರೂ ಸಡಿಲಿಸಿ ತುಸು ಕೆಳಕ್ಕೆ ತಿರುಗಿಸಿದರೆ, ಅಗತ್ಯವಿದ್ದರೆ ಹ್ಯಾಂಡಲನ್ನೇ ಕ್ಲ್ಯಾಂಪಿನಲ್ಲಿ ಕೆಲವು ಡಿಗ್ರಿ ಹೊರಳಿಸಿದರೆ ಸಾಕು. ನನ್ನ ಅನುಭವದಲ್ಲಿ ನಿಮ್ಮಂಥ ದೂರುಗಳಲ್ಲಿ ಅನೇಕವು ಇಲ್ಲಿಗೇ ಅರ್ಧ ಕಡಿಮೆಯಾಗಿವೆ. ಆಕ್ಸಿಲರೇಟರ್ ಕೇಬಲ್ಲಿನಲ್ಲಿ ಧೂಳು, ತುಕ್ಕು ಸೇರಿ ತಿರುವು ಗಡುಸಾಗಿದ್ದರೆ ಅದನ್ನು ಬಿಚ್ಚಿ ತೊಳೆದು ಎಣ್ಣೆ ಹಾಕಿಸಿ. ಗಡುಸು ತಿರುವನ್ನು ಎರಡು ಗಂಟೆ ಹಿಡಿದುಕೊಂಡಿರುವುದು ನೀರು ತುಂಬಿದ ಬಿಂದಿಗೆಯನ್ನು ಬೆರಳ ತುದಿಯಲ್ಲಿ ಹಿಡಿದು ನಿಂತಂತೆ.

ಇನ್ನು ಆಯ್ಕೆಗೆ ಬರೋಣ. ನಿಮ್ಮ ಯೆಜ್ಡಿಯನ್ನು ತಯಾರಿಸಿದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆದ್ದರಿಂದ ಈಗ 'ಒರಿಜಿನಲ್' ಎಂದು ಕೊಡುವ ಯೆಜ್ಡಿ ಗ್ರಿಪ್ ಎರಡರಲ್ಲಿ ಒಂದಾಗಿರುತ್ತದೆ: ಆ ಕಾಲದಿಂದ ಪೊಟ್ಟಣದಲ್ಲೇ ಉಳಿದ ಹಳೆಯ ಸರಕು ಅಥವಾ ಹಳೆಯದನ್ನು ನೋಡಿ ಈಗ ಎರಕ ಹಾಕಿದ ಪ್ರತಿಕೃತಿ. ಹಳೆಯ ಸರಕಿನ ಬಗ್ಗೆ ನನಗೆ ಗೌರವವಿದೆ, ಆದರೆ ರಬ್ಬರು ಪೊಟ್ಟಣದಲ್ಲಿದ್ದರೂ ಮುಪ್ಪಾಗುತ್ತದೆ. ಪ್ರದರ್ಶನಕ್ಕೆ ನಿಲ್ಲಿಸುವ ಗಾಡಿಗೆ ಅದು ಯೋಗ್ಯ, ಹಾಸನದಿಂದ ಮೈಸೂರಿಗೆ ಓಡುವ ಗಾಡಿಗಲ್ಲ. ಪ್ರತಿಕೃತಿಗಳಲ್ಲಿ ಒಳ್ಳೆಯವೂ ಇವೆ, ತೀರ ಕಳಪೆಯವೂ ಇವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ಮೈಸೂರಿನ ಹಳೆಯ ಬಿಡಿಭಾಗದ ಅಂಗಡಿಗಳಲ್ಲಾಗಲಿ ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ಮೂಗಿನ ಹತ್ತಿರ ಹಿಡಿದಾಗ ಸೀಮೆಎಣ್ಣೆಯಂಥ ಅಥವಾ ಹೊಸ ಪ್ಲಾಸ್ಟಿಕ್ ಚಪ್ಪಲಿಯಂಥ ಕಟುವಾಸನೆ ಬಂದರೆ, ಉಗುರಿನಿಂದ ಒತ್ತಿದ ಗುರುತು ಹಾಗೆಯೇ ಉಳಿದರೆ, ಅಚ್ಚಿನ ಜೋಡಣೆಯ ಗೆರೆ ಅಂಗೈ ಬೀಳುವ ಕಡೆ ಉಬ್ಬಿಕೊಂಡಿದ್ದರೆ ಬಿಟ್ಟುಬಿಡಿ. ಅಗ್ಗದ ಪಿ.ವಿ.ಸಿ. ಗ್ರಿಪ್ಪಿಗೆ ಮೃದುತ್ವ ಕೊಡಲು ಬೆರೆಸುವ ದ್ರವ ಕಾಲಕ್ರಮೇಣ ಹೊರಬರುವುದರಿಂದ ಅದು ಬೇಸಿಗೆಯಲ್ಲಿ ಅಂಟಂಟಾಗಿ, ಕಡೆಗೆ ಬಿರುಸಾಗುತ್ತದೆ; ಕೈಗೆ ಕಪ್ಪು ಹತ್ತುವುದೂ ಇದರಿಂದಲೇ.

ನಿಮಗೆ ನಾನು ಸೂಚಿಸುವುದು ಮಧ್ಯಮ ಗಡಸುತನದ ನಿಜವಾದ ರಬ್ಬರಿನ, ನಡುವೆ ಸ್ವಲ್ಪವೇ ಉಬ್ಬಿದ ಪೀಪಾಯಿ ಆಕಾರದ ಗ್ರಿಪ್. ಹೆಬ್ಬೆರಳಿನಿಂದ ಜೋರಾಗಿ ಒತ್ತಿದರೆ ಒಂದಿಷ್ಟು ತಗ್ಗಿ, ಬಿಟ್ಟ ಕೂಡಲೇ ಮೇಲೇಳಬೇಕು. ಕಾರಿನ ಟೈರಿಗಿಂತ ಮೆತ್ತಗೆ, ಪೆನ್ಸಿಲ್ ಅಳಿಸುವ ರಬ್ಬರಿಗಿಂತ ಗಟ್ಟಿ ಎಂದರೆ ಅಂದಾಜು ಸಿಗಬಹುದು. ಪೀಪಾಯಿ ಆಕಾರ ಹಳೆಯ ಗಾಡಿಗಳಿಗೆ ಒಪ್ಪುತ್ತದೆ ಎಂಬುದಷ್ಟೇ ಅಲ್ಲ, ಅದು ಅಂಗೈಯ ನಡುವಿನ ಗುಳಿಯನ್ನು ತುಂಬುತ್ತದೆ. ಹಾಗಾಗಿ ಭಾರ ಎರಡೂ ಬದಿಯ ಮಾಂಸಖಂಡಗಳ ಮೇಲೆ ಮಾತ್ರ ಬೀಳದೆ ಇಡೀ ಅಂಗೈಗೆ ಹರಡುತ್ತದೆ. ಅಡ್ಡಗೀರುಗಳು ಸಣ್ಣವಾಗಿ, ಒತ್ತಾಗಿ ಇರಲಿ. ಎತ್ತರದ ಗೆರೆಗಳಿರುವ, ಕೆಸರಿನ ಓಟದ ಗಾಡಿಗಳಿಗೆಂದು ಮಾಡಿದ ಗ್ರಿಪ್‌ಗಳು ನೋಡಲು ಗಟ್ಟಿಮುಟ್ಟಾಗಿ ಕಂಡರೂ ದೂರದ ಪಯಣದಲ್ಲಿ ಕೈಯಲ್ಲಿ ಪಟ್ಟೆಪಟ್ಟೆಯಾಗಿ ಒತ್ತು ಬೀಳಿಸುತ್ತವೆ. ಬೆರಳುಗಳಿಗೆಂದೇ ಗುಂಡಿ ಮಾಡಿರುವ ಗ್ರಿಪ್‌ಗಳನ್ನಂತೂ ನಾನು ಯಾರಿಗೂ ಹೇಳುವುದಿಲ್ಲ. ಆ ಗುಂಡಿಗಳು ಯಾರದೋ ಕೈಯ ಅಳತೆಯವು, ನಿಮ್ಮ ಬೆರಳಿನ ಗಂಟು ಅವುಗಳ ಏಣಿನ ಮೇಲೆ ಕೂತರೆ ಅರ್ಧ ಗಂಟೆಯಲ್ಲಿ ನೋವು ಶುರುವಾಗುತ್ತದೆ. ರೋಡ್‌ಕಿಂಗ್ ಗಾಡಿಗೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಿ ಹಾಕಿಸಿದ ಕೈಯಲ್ಲೇ ನಾವು ಹ್ಯಾಂಡಲ್ ಹಿಡಿಯುವುದರಿಂದ, ಎಣ್ಣೆಗೆ ಉಬ್ಬದ ನೈಟ್ರೈಲ್ ಬೆರೆತ ರಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಬಂಕಿನಲ್ಲಿ ಕೈ ಒರೆಸಿಕೊಳ್ಳಲು ಸೀಟಿನ ಕೆಳಗೆ ಒಂದು ಹತ್ತಿಬಟ್ಟೆ ಇಟ್ಟುಕೊಳ್ಳಿ.

ದಪ್ಪದ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ತೀರ ತೆಳುವಾದ ಗ್ರಿಪ್ಪಿನಲ್ಲಿ ಬೆರಳುಗಳು ಪೂರ್ತಿ ಮಡಚಿಕೊಂಡು, ಉಗುರು ಅಂಗೈಗೆ ತಾಗುವಷ್ಟಾಗಿ, ಒತ್ತಡ ಕಡಿಮೆ ಜಾಗದಲ್ಲಿ ಬೀಳುತ್ತದೆ. ತೀರ ದಪ್ಪವಾದರೆ ಬೆರಳು ಸುತ್ತುವುದಿಲ್ಲ, ಹಿಡಿತಕ್ಕಾಗಿ ಮುಂಗೈಯ ಸ್ನಾಯುಗಳು ದಣಿಯುತ್ತವೆ. ನಿಮಗೆ ನಡುವಿನಲ್ಲಿ 32ರಿಂದ 34 ಮಿಲಿಮೀಟರ್ ಹೊರವ್ಯಾಸ ಹೊಂದಬಹುದೆಂದು ನನ್ನ ಅಂದಾಜು. ಆದರೆ ಇದನ್ನು ನಿಮ್ಮ ಕೈಯೇ ತೀರ್ಮಾನಿಸಬೇಕು. ಸವಾರಿಯಲ್ಲಿ ಹಾಕಿಕೊಳ್ಳುವ ಕೈಗವಸನ್ನೇ ಹಾಕಿಕೊಂಡು ಗ್ರಿಪ್ ಸುತ್ತ ಕೈ ಮುಚ್ಚಿ: ಹೆಬ್ಬೆರಳ ತುದಿ ತೋರುಬೆರಳಿನ ಉಗುರಿನ ಮೇಲೆ ಪ್ರಯಾಸವಿಲ್ಲದೆ ಒರಗಬೇಕು. ಬೆರಳಿನ ಗಂಟುಗಳಲ್ಲಿ ಬಾವು, ನೋವು ಇರುವವರಿಗೆ ಮಾತ್ರ ಒಂದೆರಡು ಮಿಲಿಮೀಟರ್ ದಪ್ಪ ಹೆಚ್ಚಿದ್ದರೆ ಅನುಕೂಲ. ಉದ್ದವನ್ನು ಮರೆಯಬೇಡಿ. ಅಂಗೈಯ ಅಗಲಕ್ಕಿಂತ ಎರಡು ಬೆರಳಿನಷ್ಟಾದರೂ ಗ್ರಿಪ್ ಉದ್ದವಿರಬೇಕು; ಗಿಡ್ಡದಾದರೆ ಕಿರುಬೆರಳ ಬುಡ ಗ್ರಿಪ್ಪಿನ ಹೊರತುದಿಯ ಅಂಚಿನ ಮೇಲೆ ಕೂರುತ್ತದೆ, ನಿಮ್ಮ ತೊಂದರೆಗೆ ಅದೂ ಒಂದು ಕಾರಣವಾಗಿರಬಹುದು.

ಒಳವ್ಯಾಸದ ತಪ್ಪು ನಮ್ಮಲ್ಲಿ ಅತಿ ಸಾಮಾನ್ಯ. ಯೆಜ್ಡಿಯಂಥ ಗಾಡಿಗಳ ಹ್ಯಾಂಡಲ್ ಪೈಪು ಸಾಮಾನ್ಯವಾಗಿ 22 ಮಿಲಿಮೀಟರಿನದು. ಕ್ರೂಸರ್ ಮಾದರಿಯ ಗಾಡಿಗಳಿಗೆಂದು ಬರುವ ಒಂದಿಂಚಿನ ಗ್ರಿಪ್ 25.4 ಮಿಲಿಮೀಟರ್ ಪೈಪಿಗೆ ಮಾಡಿದ್ದು. ಅದು ನಿಮ್ಮ ಹ್ಯಾಂಡಲ್ ಮೇಲೆ ಗಿರಗಿರನೆ ತಿರುಗುತ್ತದೆ. ಸಡಿಲ ಹೋಗಲಾಡಿಸಲು ಇನ್ಸುಲೇಶನ್ ಟೇಪ್ ಸುತ್ತಿ ಕೊಡುವ ಅಭ್ಯಾಸ ಗ್ಯಾರೇಜುಗಳಲ್ಲಿದೆ, ದಯವಿಟ್ಟು ಒಪ್ಪಬೇಡಿ. ಮಧ್ಯಾಹ್ನದ ಬಿಸಿಲಿಗೆ ಆ ಟೇಪಿನ ಅಂಟು ಕರಗಿ ಗ್ರಿಪ್ ಕೈಯಲ್ಲೇ ಸರಿದುಬಿಡುತ್ತದೆ. ಬಲಬದಿಯಲ್ಲಿ ಗ್ರಿಪ್ ಕೂರುವುದು ನೇರ ಹ್ಯಾಂಡಲ್ ಮೇಲಲ್ಲ, ತಿರುಗುವ ಆಕ್ಸಿಲರೇಟರ್ ಕೊಳವೆಯ ಮೇಲೆ. ಅದರ ಹೊರವ್ಯಾಸ ಎಡಗಡೆಗಿಂತ ಹೆಚ್ಚಿರುತ್ತದೆ. ಆದ್ದರಿಂದಲೇ ಜೋಡಿಯ ಎರಡು ಗ್ರಿಪ್‌ಗಳ ತೂತು ಒಂದೇ ಅಳತೆಯದಾಗಿರುವುದಿಲ್ಲ. ಈಗಿರುವ ಗ್ರಿಪ್ ತೆಗೆದು, ಪೈಪು ಮತ್ತು ಕೊಳವೆ ಎರಡನ್ನೂ ವರ್ನಿಯರ್ ಕ್ಯಾಲಿಪರಿನಿಂದ ಮೂರು ಮೂರು ಕಡೆ ಅಳೆದು, ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ರಬ್ಬರಿನ ಒಳವ್ಯಾಸ ಒಂದು ಮಿಲಿಮೀಟರಿನಷ್ಟು ಕಡಿಮೆಯಿರಬೇಕು. ಒಣಗಿದ ಪೈಪಿನ ಮೇಲೆ ಒಣಗೈಯಲ್ಲಿ ಸಲೀಸಾಗಿ ಜಾರಿ ಹೋಗುವ ಗ್ರಿಪ್ ಮಳೆಯಲ್ಲಿ ಖಂಡಿತ ತಿರುಗುತ್ತದೆ.

ನಿಮ್ಮ ಜೆಲ್ ಗ್ರಿಪ್ ಮಳೆಯಲ್ಲಷ್ಟೇ ತಿರುಗುತ್ತಿದ್ದುದಕ್ಕೆ ಹಾಕಿದ ವಿಧಾನವೂ ಕಾರಣವಿರಬಹುದು. ಬಿಗಿಯಾದ ಗ್ರಿಪ್ಪನ್ನು ಏರಿಸಲು ಅವಸರದಲ್ಲಿ ಸೋಪಿನ ನೀರನ್ನೋ ಎಣ್ಣೆಯನ್ನೋ ಹಚ್ಚುತ್ತಾರೆ. ಸೋಪು ಒಳಗೇ ಒಣಗಿ ಉಳಿದಿದ್ದು, ನೀರು ಇಳಿದಾಗ ಮತ್ತೆ ಜಾರಿಕೆಯಾಗುತ್ತದೆ. ಎಣ್ಣೆಯಂತೂ ಎಂದೂ ಒಣಗುವುದಿಲ್ಲ. ಇದರ ಬದಲು ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲ್ ತಂದು, ಪೈಪಿನ ತುಕ್ಕನ್ನು ನುಣುಪು ಎಮರಿ ಕಾಗದದಿಂದ ಉಜ್ಜಿ ಒರೆಸಿ, ಅದನ್ನೇ ಗ್ರಿಪ್ಪಿನೊಳಗೆ ಹನಿಸಿ ಒಂದೇ ನೂಕಿಗೆ ಏರಿಸಿ. ಅದು ಆವಿಯಾಗಿ ಏನನ್ನೂ ಉಳಿಸುವುದಿಲ್ಲ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತಿರುಚಿ ನೋಡಿ. ಅಳತೆ ಸರಿಯಿದ್ದರೆ ಅಂಟಿನ ಅಗತ್ಯವೇ ಬರುವುದಿಲ್ಲ. ಬಂದರೆ ರಬ್ಬರಿಗೆ ಹೊಂದುವ ಅಂಟನ್ನು ತೆಳ್ಳಗೆ ಬಳಸಿ, 24 ಗಂಟೆ ಗಾಡಿ ಮುಟ್ಟಬೇಡಿ. ಕ್ಷಣದಲ್ಲಿ ಹಿಡಿಯುವ ಚಿಕ್ಕ ಟ್ಯೂಬಿನ ಅಂಟು ಬೇಡ. ಅದು ಗಾಜಿನಂತೆ ಪೆಡಸಾಗಿ ಕಂಪನಕ್ಕೆ ಒಡೆಯುತ್ತದೆ. ಬಲಗಡೆ ಅಂಟು ಕೊಳವೆ ಮತ್ತು ಗ್ರಿಪ್ ನಡುವೆ ಮಾತ್ರ ಇರಬೇಕು, ಒಂದು ಹನಿಯೂ ಪೈಪಿನ ಕಡೆಗೆ ಸೋರಬಾರದು.

ಬಲಗಡೆಯ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ ನನ್ನ ಜಾವಾಕ್ಕೆ ಹೊಸ ಗ್ರಿಪ್ ಹಾಕುವಾಗ ಒಳಗಿನ ಅಂಚು ಸ್ವಿಚ್ಚಿಗೆ ತಾಗುವಂತೆ ಒತ್ತಿ ಕೂರಿಸಿದ್ದೆ, ಸಂದು ಕಾಣದಿದ್ದರೆ ಅಂದವಾಗಿರುತ್ತದೆ ಎಂದು. ಮಾರನೆಯ ದಿನ ಬಿಸಿಲಿಗೆ ರಬ್ಬರು ಇನ್ನೂ ಸ್ವಲ್ಪ ಒಳಕ್ಕೆ ಸರಿದಿರಬೇಕು. ಚಾಮುಂಡಿ ಬೆಟ್ಟ ಇಳಿಯುತ್ತ ತಿರುವಿನಲ್ಲಿ ಕೈ ಸಡಿಲಿಸಿದಾಗ ಆಕ್ಸಿಲರೇಟರ್ ಹಿಂದಕ್ಕೆ ಬರಲಿಲ್ಲ, ಇಂಜಿನ್ ಏರುತ್ತಲೇ ಇತ್ತು. ಕ್ಲಚ್ ಹಿಡಿದು ಕೀಲಿ ತಿರುಗಿಸಿ ಗಾಡಿ ನಿಲ್ಲಿಸಿದೆ. ಎದುರಿಗೆ ಬಸ್ಸು ಬರುತ್ತಿರಲಿಲ್ಲ ಎಂಬುದಷ್ಟೇ ನನ್ನನ್ನು ಉಳಿಸಿತು. ಒಳ ಅಂಚು ಮತ್ತು ಸ್ವಿಚ್ ನಡುವೆ ಎರಡರಿಂದ ಮೂರು ಮಿಲಿಮೀಟರ್ ಸಂದು ಇರಲೇಬೇಕು. ಹಾಕುವಾಗ ಒಂದು ಪೋಸ್ಟ್‌ಕಾರ್ಡನ್ನು ಎಂಟು ಪದರ ಮಡಚಿ ನಡುವೆ ಇಟ್ಟುಕೊಂಡರೆ ಅಂದಾಜು ತಪ್ಪುವುದಿಲ್ಲ. ಆಮೇಲೆ ಎಳೆದು ತೆಗೆಯಿರಿ.

ಹ್ಯಾಂಡಲ್ ತುದಿಗೆ ತೂಕದ ಗುಂಡು ಹಾಕಿಸಿದರೆ ನಡುಕ ಇಳಿಯುತ್ತದೆ ಎಂದು ನಿಮಗೆ ಯಾರಾದರೂ ಹೇಳಬಹುದು. ಮಾತು ಸುಳ್ಳಲ್ಲ, ತುದಿಯಲ್ಲಿ ತೂಕ ಹೆಚ್ಚಿದಾಗ ಪೈಪಿನ ಅದುರು ಕುಗ್ಗುತ್ತದೆ. ಆದರೆ ಹಳೆಯ ಗಾಡಿಗಳಲ್ಲಿ ಆಕ್ಸಿಲರೇಟರಿನ ಸರಿಯುವ ತುಂಡು ಬಲಗಡೆಯ ಪೈಪಿನೊಳಗೇ ಇರುವುದುಂಟು, ಅಲ್ಲಿಗೆ ತೂಕ ತುರುಕಿದರೆ ಕೇಬಲ್ ಸಿಕ್ಕಿಕೊಳ್ಳುತ್ತದೆ. ಒಳಗೆ ಏನಿದೆ ಎಂದು ಬಿಚ್ಚಿ ನೋಡದೆ ಈ ಕೆಲಸಕ್ಕೆ ಕೈಹಾಕಿಸಬೇಡಿ. ಅಂಗೈ ಒರಗಿಸಿ ಆಕ್ಸಿಲರೇಟರ್ ಒತ್ತಿಹಿಡಿಯಲು ಬರುವ ಪ್ಲಾಸ್ಟಿಕ್ ಪಟ್ಟಿಯನ್ನೂ ನಾನು ನಿಮಗೆ ಹೇಳುವುದಿಲ್ಲ. ಖಾಲಿ ಹೆದ್ದಾರಿಯಲ್ಲಿ ಅದು ಹಿತ, ಹೊಳೆನರಸೀಪುರದ ಪೇಟೆಯೊಳಗೆ ಬ್ರೇಕಿಗೆ ಕೈಚಾಚುವಾಗ ಅಂಗೈ ತಾಗಿ ಗಾಡಿ ಮುನ್ನುಗ್ಗಿದರೆ ಕಷ್ಟ.

ಎಲ್ಲ ಹಾಕಿದ ಮೇಲೆ ಇಂಜಿನ್ ಚಾಲೂ ಮಾಡುವ ಮುನ್ನ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ನೇರಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಮೂರೂ ಕಡೆ ಆಕ್ಸಿಲರೇಟರ್ ಪೂರ್ತಿ ಎಳೆದು ಬಿಡಿ. ಪ್ರತಿ ಸಲವೂ ಅದು 'ಟಕ್' ಎಂದು ತಾನಾಗಿ ಹಿಂದಕ್ಕೆ ಬರಬೇಕು. ಎಡಗಡೆ ಗ್ರಿಪ್ ಮತ್ತು ಪೈಪಿನ ಮೇಲೆ, ಬಲಗಡೆ ಗ್ರಿಪ್ ಮತ್ತು ಕೊಳವೆಯ ಮೇಲೆ ಸೇರುವಂತೆ ಬಿಳಿ ಬಣ್ಣದಿಂದ ಒಂದು ಸಣ್ಣ ಗೆರೆ ಎಳೆದಿಟ್ಟುಕೊಳ್ಳಿ. ಮೈಸೂರಿಗೆ ಹೋದ ಮೊದಲ ಸಲ ನಡುವೆ ಎಲ್ಲಾದರೂ ಕಾಫಿಗೆ ನಿಲ್ಲಿಸಿದಾಗ ಆ ಗೆರೆ ನೋಡಿ. ಎರಡು ತುಂಡಾಗಿ ಸರಿದಿದ್ದರೆ ಗ್ರಿಪ್ ತಿರುಗಿದೆ ಎಂದರ್ಥ, ಮತ್ತೆ ಬಿಚ್ಚಿ ಅಳತೆ ನೋಡಬೇಕು. ಅದೇ ಹೊತ್ತಿನಲ್ಲಿ ಬಲಗೈಯ ಕಿರುಬೆರಳನ್ನು ಎಡಗೈಯ ಕಿರುಬೆರಳಿನ ಜೊತೆ ಉಜ್ಜಿ, ಎರಡರಲ್ಲೂ ಸ್ಪರ್ಶ ಒಂದೇ ಸಮ ತಿಳಿಯುತ್ತದೆಯೇ ಎಂದು ನೋಡಿಕೊಂಡು, ಹೇಗಾಯಿತೆಂದು ನನಗೆ ಬರೆಯಿರಿ.